ಸತ್ತವನ ಹೆಬ್ಬೆಟ್ಟು

"ಇನ್ನೊಂದು ನಾಕು ಹೆಜ್ಜಿ ಎಡಕ್ಕ ಬರ್ರಿ ದುರ್ಗಕ್ಕ, ಆ ಬೇವಿನ ಗಿಡ ಅಡ್ಡ ಆಗ್ತೈತಿ."

ರಮಾ ಹೇಳಿದಂತೆ ದುರ್ಗಾ ಎಡಕ್ಕೆ ಸರಿದು ನಿಂತಳು. ಕೈಯಲ್ಲಿದ್ದ ಫೋಟೋವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದಳು. ಫೋಟೋದಲ್ಲಿದ್ದದ್ದು ಒಂದು ವರ್ಣಚಿತ್ರ. ಚಿತ್ರದಲ್ಲಿದ್ದದ್ದು ಸಂಡೂರು ಕಡೆಯ ಜೋಡಿಗುಡ್ಡ. ಆ ಗುಡ್ಡವೇ ಈಗ ಬೆಳಗಿನ ಬಿಸಿಲಲ್ಲಿ ಅವಳೆದುರು ಕೆಂಪಗೆ ನಿಂತಿತ್ತು.

ಗೆರೆಗೆ ಗೆರೆ ಕೂಡಿತು. ಎಡಗಡೆಯ ಡುಬ್ಬ, ನಡುವಿನ ತಗ್ಗು, ಬಲಗಡೆ ಮೆಟ್ಟಿಲು ಕಡಿದಂತೆ ಕಾಣುವ ಚಪ್ಪಟೆ ಜಾಗ.

"ಒಂದು ಕೂದಲೆಳಿನೂ ಆಚೀಚಿ ಇಲ್ಲ," ಎಂದಳು ದುರ್ಗಾ. ಆದರೆ ಅವಳ ಮುಖ ಅರಳಲಿಲ್ಲ.

"ಹಂಗಾರ ಎರ್ರಿಯಪ್ಪ ಇಲ್ಲೇ ನಿಂತು ಬರ್ದಾನ. ಒಳ್ಳೇದಾತಲ್ಲ?"

"ರಮಾ, ಇದಕ್ಕ ಜೋಡಿಗುಡ್ಡ ಅಂತ ಯಾಕ ಅಂತಾರ?"

ರಮಾ ಗುಡ್ಡದ ಕಡೆ ನೋಡಿದಳು. ಉತ್ತರ ಹೊಳೆಯಲು ಒಂದು ಗಳಿಗೆ ಹಿಡಿಯಿತು.

"ಇನ್ನೊಂದು ಡುಬ್ಬ ಎಲ್ಲೈತಿ?"

"ಅದಿರಿನ ಲಾರ್ಯಾಗ ಹೋತು. ಯಾವ ವರ್ಷ ಹೋತು ಅನ್ನೋದೇ ಈಗಿನ ಪ್ರಶ್ನಿ."

ಹೊಸಪೇಟೆಯ ಹಂಪಯ್ಯ ಚಿತ್ರಶಾಲೆ ಪ್ರದರ್ಶನಕ್ಕೆ ಕೊಡಲಿರುವ ಎರ್ರಿಯಪ್ಪನ ಹನ್ನೊಂದು ಚಿತ್ರಗಳಲ್ಲಿ ಮೂರು ನಕಲಿ ಎಂದು ಕಲಾಭವನದ ಸಂಗ್ರಾಹಕ ಲಿಂಗರಾಜ್ ಬರೆದುಕೊಟ್ಟು ಇವತ್ತಿಗೆ ನಾಲ್ಕು ದಿನ. ಗುಡ್ಡದ ಚಿತ್ರ ಆ ಮೂರರಲ್ಲಿ ಒಂದು. ಹಂಪಿಗೆ ಹೋಗುವ ದಾರಿಯಲ್ಲಿ ಹೊಸದಾಗಿ ಕಟ್ಟಿರುವ ಆ ಭವನದ ಗೋಡೆಗೆ ಸೋಮವಾರ ಹನ್ನೊಂದೂ ಏರಬೇಕು. ಇವತ್ತು ಶುಕ್ರವಾರ.

ಚಿತ್ರಶಾಲೆಯನ್ನು ಈಗ ನಡೆಸುತ್ತಿರುವವಳು ರಮಾ, ಹಂಪಯ್ಯನ ಮೊಮ್ಮಗಳು. ದುರ್ಗಾಳನ್ನು ಹುಡುಕಿಕೊಂಡು ಬಂದವಳೂ ಅವಳೇ. ಹೊಸಪೇಟೆ ಬಸ್ ನಿಲ್ದಾಣದ ಹಿಂದೆ, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ದುರ್ಗಾಳ ಪತ್ತೇದಾರಿ ಕಚೇರಿ. ಅದಕ್ಕೂ ಮೊದಲು ಹದಿನೆಂಟು ವರ್ಷ ಅವಳು ಇದೇ ಗುಡ್ಡಗಳಲ್ಲಿ ಗಣಿಯ ಸರ್ವೇ ಕೆಲಸ ಮಾಡಿದ್ದಳು. ಬೇರೆಯವರು ಮುಖ ನೆನಪಿಟ್ಟುಕೊಂಡಂತೆ ಅವಳು ಗುಡ್ಡಗಳನ್ನು ನೆನಪಿಟ್ಟುಕೊಂಡಿದ್ದಳು.

ದಾರಿಯ ಬದಿಯ ಶೀಟಿನ ಮನೆಯೆದುರು ಹೊರಸಿನ ಮೇಲೆ ಅಂಜಿನಯ್ಯ ಕೂತಿದ್ದ. ಗಣಿಯಲ್ಲಿ ವಾಚ್‌ಮನ್ ಆಗಿದ್ದವನು. ದುರ್ಗಾಳನ್ನು ಕಂಡವನೇ ಎದ್ದು ನಿಂತ.

"ಸರ್ವೇ ಅಮ್ಮಾರು! ಬರ್ರಿ, ಕುಂದ್ರಿ. ಚಾ ಮಾಡಸ್ತೀನಿ."

"ಚಾ ಆಮ್ಯಾಲೆ. ಅಂಜಿನಯ್ಯ, ಬಲಗಡೆ ಡುಬ್ಬ ಯಾವಾಗ ಹೋತು?"

"ಒಂದಿನದಾಗ ಹೋತೇನ್ರಿ ಅದು? ಎರಡು ವರ್ಷ ತಿಂದ್ರು." ಅಂಜಿನಯ್ಯ ಒಳಗೆ ಹೋಗಿ ಮದುವೆಯ ಆಲ್ಬಮ್ ತಂದ. ಮಗಳು, ಅಳಿಯ, ಚಪ್ಪರ, ಚಪ್ಪರದ ಹಿಂದೆ ಗುಡ್ಡ. "ನನ್ನ ಮಗಳ ಲಗ್ನ ಎರಡು ಸಾವಿರದ ಏಳನೇ ಇಸ್ವಿ. ನೋಡ್ರಿ, ಡುಬ್ಬ ಅರ್ಧ ಐತಿ. ಮರುವರ್ಷ ಮೊಮ್ಮಗಳು ಹುಟ್ಟಿದಾಗ ಇಲ್ಲೇ ನಿಂತು ಇನ್ನೊಂದು ತೆಗಿಸೀವಿ. ಅದರಾಗ ಬಯಲೋ ಬಯಲು."

ದುರ್ಗಾ ಎರಡೂ ಫೋಟೋಗಳ ಪಕ್ಕ ಚಿತ್ರದ ಫೋಟೋ ಇಟ್ಟಳು. ಚಿತ್ರದಲ್ಲಿದ್ದದ್ದು ಎರಡನೆಯ ಫೋಟೋದ ಗುಡ್ಡ. ಬಯಲಾದ ಗುಡ್ಡ.

"ಎರ್ರಿಯಪ್ಪ ಹೊಳ್ಯಾಗ ಮುಳುಗಿ ಹೋಗಿದ್ದು ಯಾವಾಗ?" ಎಂದು ದುರ್ಗಾ ಗೊತ್ತಿದ್ದೂ ಕೇಳಿದಳು.

"ಎಪ್ಪತ್ತೊಂಬತ್ತು." ರಮಾಳ ದನಿ ಕೇಳಿಸಲಾರದಷ್ಟು ಸಣ್ಣದಾಗಿತ್ತು. "ಸತ್ತು ಮೂವತ್ತು ವರ್ಷ ಆದಮ್ಯಾಲೆ ಹೆಂಗ ಬರೀತಾನ? ಹಂಗಾರ ಲಿಂಗರಾಜ್ ಹೇಳಿದ್ದು ಖರೇ."

ಅಂಜಿನಯ್ಯ ಅವಳ ಮುಖ ನೋಡಿ, ಯಾರನ್ನೂ ಕೇಳದೆ ಒಳಗೆ ಚಹಾ ಹೇಳಿದ.

* * *

ಹೊಸಪೇಟೆಗೆ ಮರಳುವ ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಕಾರು ತೆವಳಿತು. ರಮಾ ಒಮ್ಮೆಲೇ ಮಾತು ಶುರು ಮಾಡಿದಳು.

"ನಮ್ಮಜ್ಜ ಕಂಪ್ಲ್ಯಾಗ ಬೋರ್ಡ್ ಬರೀತಿದ್ದ ಅಕ್ಕ. ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಎತ್ತಿನ ಕೋಡಿನ ಬಣ್ಣ, ಏನ್ ಕೊಟ್ರೂ ಬರೀತಿದ್ದ. ಅರವತ್ತೊಂದರಾಗ ಹೊಸಪೇಟಿಗೆ ಬಂದು ದೇವರ ಫೋಟೋಕ್ಕ ಕಟ್ಟು ಹಾಕೋ ಅಂಗಡಿ ಇಟ್ಟ. ಒಂದೊಂದೇ ಚಿತ್ರ ಬರಾಕ ಹತ್ತಿದ್ವು. ಯಾವತ್ತು ಅದು ಚಿತ್ರಶಾಲಿ ಆತೋ ಆವತ್ತೇ ತನ್ನ ಬ್ರಷ್ ಎಲ್ಲಾ ಕಾಲುವ್ಯಾಗ ಒಗದು ಬಂದ."

"ಯಾಕ?"

"ಮಾರಾಂವ ಬರೀಬಾರ್ದು ಅಂತಿದ್ದ. ಬರದ್ರ ಜನ ಪ್ರತಿ ಚಿತ್ರದಾಗೂ ನಮ್ಮ ಕೈ ಹುಡುಕ್ತಾರ ಅಂತ. ನಮ್ಮಪ್ಪ ಸಣ್ಣಾಂವಿದ್ದಾಗ ಸಾಲಿ ಗ್ವಾಡಿ ಮ್ಯಾಲೆ ಆನಿ ಬರ್ದಿದ್ದಕ್ಕ ಅಜ್ಜ ಮೂರು ದಿನ ಅಪ್ಪನ ಕೂಡ ಮಾತು ಬಿಟ್ಟಿದ್ನಂತ."

ದುರ್ಗಾ ನಕ್ಕಳು. ರಮಾಳಿಗೂ ಅರೆನಗೆ ಬಂತು. ಅವಳು ಮುಂದುವರಿಸಿದಳು.

ದೋಣಿಮಲೈ ಕ್ವಾರ್ಟರ್ಸಿನ ಒಬ್ಬ ಮೇಷ್ಟ್ರು ಚಿತ್ರಶಾಲೆಯಿಂದ ಒಂದು ಚಿತ್ರ ಒಯ್ದಿದ್ದರು. ಐದು ವರ್ಷದ ಮೇಲೆ, ಅದನ್ನು ತಂದುಕೊಟ್ಟವನು ಕಲಾವಿದನ ಹೆಸರು ಸುಳ್ಳು ಹೇಳಿದ್ದನೆಂದು ಹಂಪಯ್ಯನಿಗೆ ತಿಳಿಯಿತು. ಮೇಷ್ಟ್ರಿಗೆ ಅದರ ಸುಳಿವೇ ಇರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಹಂಪಯ್ಯ ಅವತ್ತೇ ಕಂಪನಿಯ ಸ್ಟಾಫ್ ಬಸ್ಸಿನಲ್ಲಿ ಜಾಗ ಬೇಡಿ ಹತ್ತಿ, ತೊಡೆಯ ಮೇಲೆ ಇನ್ನೊಂದು ಒಳ್ಳೆಯ ಚಿತ್ರ ಇಟ್ಟುಕೊಂಡು ಗುಡ್ಡ ಏರಿದ. ಮೇಷ್ಟ್ರ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ನಾನು ನಿಮಗ ಸುಳ್ಳು ಕೊಟ್ಟೀನ್ರಿ, ಬದಲಿ ತಂದೀನಿ" ಎಂದ.

ಅಂದಿನಿಂದ ಪ್ರತಿ ಚಿತ್ರದ ಜೊತೆಗೂ ಒಂದು ಖಾತ್ರಿ ಚೀಟಿ. ಅದರಲ್ಲಿ ಎರಡೇ ಸಾಲು: "ಈ ಚಿತ್ರ ಯಾರದೆಂದು ಹೇಳಿದ್ದೇವೋ ಅವರದೇ. ಸುಳ್ಳಾದರೆ ನಮ್ಮ ಬಾಗಿಲ ಬೀಗ ನಿಮ್ಮ ಕೈಗೆ."

"ಅಜ್ಜ ಹೋಗಿ ಹದಿನೈದು ವರ್ಷ ಆತು. ಆ ಚೀಟಿ ಈಗ ನಾನೇ ಬರೀತೀನಿ ಅಕ್ಕ. ಸೋಮವಾರ ಬೀಗ ಕೊಡೋದಿದ್ರೂ ನಾನೇ ಕೊಡ್ತೀನಿ. ಆದ್ರ ಯಾಕ ಕೊಡ್ತಿದೀನಿ ಅಂತ ನನಗ ಗೊತ್ತಾಗಬೇಕು."

"ಬೀಗ ಕೈಯಾಗಿರ್ಲಿ," ಎಂದಳು ದುರ್ಗಾ. "ಮೊದಲು ಚಿತ್ರದ ಬೆನ್ನು ನೋಡೋಣ."

* * *

ಎರ್ರಿಯಪ್ಪ ಕಂಪ್ಲಿಯ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದವನು. ಓದು ಬರಹ ಬಾರದು. ಹಾಗಾಗಿ ಚಿತ್ರಗಳ ಮೇಲೆ ಸಹಿ ಇರಲಿಲ್ಲ. ಬೆನ್ನಿಗೆ, ಕೆಳಮೂಲೆಯಲ್ಲಿ, ಅದಿರಿನ ಕೆಮ್ಮಣ್ಣು ಕಲಸಿ ಒತ್ತಿದ ಹೆಬ್ಬೆಟ್ಟಿನ ಗುರುತು. ಹಂಪಯ್ಯ ಆ ಗುರುತನ್ನು ಪ್ರತಿ ಸಲವೂ ಒಂದು ದಪ್ಪ ನೋಟ್‌ಬುಕ್ಕಿನಲ್ಲೂ ಒತ್ತಿಸಿಕೊಂಡು ತಾರೀಖು ಹಾಕಿಟ್ಟಿದ್ದ. ಅರವತ್ತಮೂರರಿಂದ ಎಪ್ಪತ್ತೊಂಬತ್ತರವರೆಗೆ.

ಚಿತ್ರಶಾಲೆಯ ಹಿಂದಿನ ಕೋಣೆಯಲ್ಲಿ ದುರ್ಗಾ ಕಿಟಕಿಯ ಬೆಳಕಿಗೆ ಮೂರೂ ಚಿತ್ರಗಳನ್ನು ಬೋರಲು ಹಾಕಿದಳು. ಭೂತಗನ್ನಡಿ ಹಿಡಿದು ಬಗ್ಗಿದಳು.

ಎದುರಿಗೆ ಕುರ್ಚಿಯ ಅಂಚಿನಲ್ಲಿ ರಮಾಳ ಅಪ್ಪ ಹಂಪೇಶ್ ಕೂತಿದ್ದರು. ಅರವತ್ತಾರು ವರ್ಷದ ತೆಳ್ಳಗಿನ ಮನುಷ್ಯ. ಮಾತು ಕಡಿಮೆ. ದುರ್ಗಾ ಬಂದಾಗಿನಿಂದ ಮೂರು ಸಲ ಎದ್ದು, ಮೂರು ಸಲ ಕೂತಿದ್ದರು.

"ಸುಳಿ ಅದೇ," ಎಂದಳು ದುರ್ಗಾ, ನೋಟ್‌ಬುಕ್ಕಿನಿಂದ ಚಿತ್ರಕ್ಕೆ, ಚಿತ್ರದಿಂದ ನೋಟ್‌ಬುಕ್ಕಿಗೆ ಕಣ್ಣು ಓಡಿಸುತ್ತ. "ಎಡಕ್ಕ ತಿರುಗಿದ ಸುಳಿ, ಕೆಳಗ ಕವಲೊಡೆದ ಗೆರಿ. ಬಟ್ಟು ಒಬ್ಬರದೇ."

ರಮಾ ಎದ್ದು ನಿಂತಳು. "ಖರೇ ಹೇಳ್ರಿ ಅಕ್ಕ."

"ಆದ್ರ ಒಂದು ಫರಕೈತಿ. ಬಾ, ನೋಡು."

ನೋಟ್‌ಬುಕ್ಕಿನ ಯಾವ ಗುರುತಿನಲ್ಲೂ ಇಲ್ಲದ ಒಂದು ಬಿಳಿಯ ಗೀರು ಮೂರೂ ಚಿತ್ರಗಳ ಗುರುತಿನಲ್ಲಿ ಓರೆಯಾಗಿ ಹಾದುಹೋಗಿತ್ತು.

"ಗಾಯದ ಕಲಿ," ಎಂದಳು ದುರ್ಗಾ. "ಯಾರಾದ್ರೂ ಹಳೇ ಗುರುತಿಂದ ರಬ್ಬರ್ ಸ್ಟ್ಯಾಂಪ್ ಮಾಡಿ ಒತ್ತಿದ್ರ ಈ ಕಲಿ ಬರ್ತಿರಲಿಲ್ಲ. ಎಪ್ಪತ್ತೊಂಬತ್ತರ ಆಮ್ಯಾಲೆ ಆ ಬಟ್ಟಿಗೆ ಗಾಯ ಆಗೇತಿ, ಮಾದೈತಿ. ಅದಾದಮ್ಯಾಲೆ ಈ ಚಿತ್ರಕ್ಕ ಒತ್ತೈತಿ."

ರಮಾಳ ಕಣ್ಣು ಅಗಲವಾದವು. "ಹಂಗಂದ್ರ ಎರ್ರಿಯಪ್ಪ ಸತ್ತಿಲ್ಲ! ಅಪ್ಪಾ, ಕೇಳಿದ್ಯಾ? ಅಂವ ಬದುಕ್ಯಾನ!"

ಹಂಪೇಶ್ ಅಲ್ಲಾಡಲಿಲ್ಲ.

"ಸತ್ತಾನವ್ವಾ," ಎಂದರು. "ಆಗ ನನಗ ಇಪ್ಪತ್ತೊಂದು ವರ್ಷ. ಅಂವನ ಹೆಣಕ್ಕ ಹೆಗಲು ಕೊಟ್ಟಾಂವ ನಾನು."

"ಮುಖ ನೋಡಿದ್ರಾ ಅಣ್ಣಾರೆ?" ದುರ್ಗಾ ಕೇಳಿದಳು.

"ನೋಡೀನ್ರಿ ದುರ್ಗಮ್ಮಾರೆ. ಕಣ್ಣು ಮುಚ್ಚಿದಾಂವನೂ ನಾನೇ."

ಹೊರಗೆ ಫ್ರೇಮಿಗೆ ಮೊಳೆ ಹೊಡೆಯುವ ಸದ್ದು.

ಗುಡ್ಡ ಹೇಳುವುದು ಒಂದು. ಹೆಬ್ಬೆಟ್ಟು ಹೇಳುವುದು ಇನ್ನೊಂದು. ಈ ಮನುಷ್ಯ ಹೇಳುವುದು ಮತ್ತೊಂದು. ಮೂರೂ ಒಟ್ಟಿಗೆ ನಿಲ್ಲಲಾರವು ಎಂದು ದುರ್ಗಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಈ ಮೂರು ನಿಮ್ಮ ಕೈಗೆ ಹೆಂಗ ಬಂದ್ವು?"

"ಎರಡು ಸಾವಿರದ ಹನ್ನೊಂದರಾಗ. ಎರ್ರಿಯಪ್ಪನ ತಂಗಿ ಉಚ್ಚೆಂಗಮ್ಮ ಕಂಪ್ಲ್ಯಾಗ ಅದಾಳ. ಅಣ್ಣಂದು ಏನಾರ ಉಳದಾವೇನು ಅಂತ ಕೇಳಾಕ ಹೋಗಿದ್ದೆ. ಅಟ್ಟದ ಮ್ಯಾಲೆ ಇದ್ವು ಅಂತ ಕೊಟ್ಳು. ಅಣ್ಣಂದು ಅಂದ್ಳು, ನಾನೂ ಹಂಗೇ ಚೀಟಿ ಬರ್ದೆ."

"ಆಮ್ಯಾಲೆ ಕಂಪ್ಲಿಗೆ ಹೋಗಿದ್ರಾ?"

ಹಂಪೇಶ್ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಇಲ್ಲ. ಆ ಕಡೆ ಕಾಲಿಟ್ಟು ಹದಿಮೂರು ವರ್ಷ ಆತು."

ದುರ್ಗಾ ಚೀಲ ಹೆಗಲಿಗೇರಿಸಿದಳು. "ಹಂಗಾರ ನಾವು ಹೋಗಿ ಬರ್ತೀವಿ."

"ಬ್ಯಾಡ್ರಿ!" ಹಂಪೇಶ್ ಎದ್ದೇಬಿಟ್ಟರು. ತಮ್ಮ ದನಿ ತಮಗೇ ಜೋರಾಗಿ ಕೇಳಿಸಿದಂತಾಗಿ ತಗ್ಗಿಸಿದರು. "ಭಾಳ ವಯಸ್ಸಾದಾಕಿ ರಿ. ಆಕಿನ್ನ ಯಾಕ ಕಾಡ್ತೀರಿ? ಬೀಗ ಕೊಟ್ಟುಬಿಡೋಣ. ನಾನು ಕೊಡ್ತೀನಿ."

ಅಪ್ಪ ಇಷ್ಟು ಮಾತಾಡಿದ್ದನ್ನು ರಮಾ ಈ ನಾಲ್ಕು ದಿನದಲ್ಲಿ ಕೇಳಿರಲಿಲ್ಲ.

* * *

ಕಮಲಾಪುರ ದಾಟಿ ಕಂಪ್ಲಿಯ ದಾರಿ ಹಿಡಿದ ಮೇಲೆ ಬಂಡೆಗಳು ಹಿಂದೆ ಸರಿದು ಭತ್ತದ ಗದ್ದೆಗಳು ಬಂದವು. ಊರು ಸೇರುವಾಗ ಮಧ್ಯಾಹ್ನ ಎರಡೂವರೆ.

ಹೊಳೆಯ ಕಡೆಗೆ ಇಳಿಯುವ ಓಣಿಯ ಕೊನೆಯ ಮನೆ. ಹಿಂದೆ ಬಾಳೆತೋಟ. ಮುಂದಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ತಲೆ ಎತ್ತಿ ನೋಡಿದಳು. ಎಪ್ಪತ್ತೆಂಟರ ಹೆಂಗಸು. ಬೆನ್ನು ನೆಟ್ಟಗಿತ್ತು.

"ಯಾರವ್ವಾ?"

"ಹೊಸಪೇಟಿ ಹಂಪಯ್ಯನ ಮೊಮ್ಮಗಳು ಅಜ್ಜಿ, ರಮಾ. ಇವರು ದುರ್ಗಕ್ಕ."

ಉಚ್ಚೆಂಗಮ್ಮ ಇಬ್ಬರನ್ನೂ ಒಮ್ಮೆ ಅಳೆದಳು. "ಬಿಸಲಾಗ ಬಂದೀರಿ. ಒಳಗ ಬರ್ರಿ, ಮೊದಲು ಮಜ್ಜಿಗಿ ಕುಡೀರಿ."

ಪಡಸಾಲೆಯಲ್ಲಿ ಕೂತ ದುರ್ಗಾಳ ಕಣ್ಣು ಸುಮ್ಮನಿರಲಿಲ್ಲ. ಗೂಟಕ್ಕೆ ಗಂಡಸರ ಅಂಗಿ ಇಲ್ಲ. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಒಳಕೋಣೆಯ ಬಾಗಿಲಿಗೆ ಚಿಲಕ. ಅದರ ಸಂದಿಯಿಂದ ಬರುತ್ತಿದ್ದದ್ದು ಅಗಸೆ ಎಣ್ಣೆಯ ವಾಸನೆ. ಬಣ್ಣ ಕಲಸುವ ಎಣ್ಣೆ.

ಗಂಡಸಿನ ಗುರುತು ಬೇಕೆಂದೇ ಅಡಗಿಸಿದ್ದಾರೆ, ಎರ್ರಿಯಪ್ಪ ಆ ಬಾಗಿಲ ಹಿಂದೆ ಇದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು.

"ಉಚ್ಚೆಂಗವ್ವಾರೆ, ನಿಮ್ಮಣ್ಣ ಎಲ್ಲದಾರ?" ಸುತ್ತು ಬಳಸದೆ ಕೇಳಿದಳು.

"ನಲವತ್ತೈದು ವರ್ಷ ಆತು ಯವ್ವಾ, ಹೊಳಿಗೆ ಹೋಗಿ."

"ಆ ಗುಡ್ಡದ ಚಿತ್ರ ಬರ್ದು ಹದಿನೈದು ಹದಿನಾರು ವರ್ಷ ಆಗೇತಿ ಅಷ್ಟ. ಅದರ ಹಿಂದ ನಿಮ್ಮಣ್ಣನ ಬಟ್ಟೈತಿ. ಸತ್ತಾಂವ ಬಟ್ಟು ಒತ್ತಾಂಗಿಲ್ಲ."

"ಒತ್ತಾಂಗಿಲ್ಲ," ಎಂದು ಮುದುಕಿ ಒಪ್ಪಿಕೊಂಡಳು. ಹಿತ್ತಾಳೆಯ ಲೋಟ ಮುಂದೆ ಚಾಚಿದಳು. "ತಗೋ, ಕುಡಿ. ಜೀರಿಗಿ ಹಾಕೀನಿ."

ದುರ್ಗಾ ಲೋಟಕ್ಕೆ ಕೈಯೊಡ್ಡಿದವಳು ಅಲ್ಲೇ ನಿಂತಳು.

ಲೋಟದ ಅಂಚು ಹಿಡಿದಿದ್ದ ಹೆಬ್ಬೆಟ್ಟಿನ ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ಬೆರಳಿನ ಮೆತ್ತಗಿನ ಭಾಗದಲ್ಲಿ ಓರೆಯಾಗಿ ಒಂದು ಬಿಳಿಯ ಗೀರು.

"ಇದು ಯಾವಾಗ ಆತು ಅವ್ವಾರೆ?"

"ಇದಾ? ಅಣ್ಣ ಹೋದ ಮರುವರ್ಷ. ಬಾಳಿ ಎಲಿ ಕೊಯ್ಯಾಕ ಹೋಗಿ ಕುಡಗೋಲು ತಾಗಿತ್ತು." ಹೇಳಿದ ಮೇಲೆ ಉಚ್ಚೆಂಗಮ್ಮ ತನ್ನ ಬೆರಳನ್ನು ತಾನೇ ನೋಡಿಕೊಂಡಳು. ಆಮೇಲೆ ದುರ್ಗಾಳ ಮುಖ ನೋಡಿದಳು. ಕೆಳಗೆ ಕೂತಳು. "ಗೊತ್ತಾತೇನು?"

ರಮಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು. "ಏನು ಗೊತ್ತಾತು? ಅಕ್ಕ?"

"ನಾವು ಮೂರರಾಗ ಒಂದು ಸುಳ್ಳಿರಬೇಕು ಅಂತ ಹುಡುಕ್ತಿದ್ವಿ ರಮಾ," ದುರ್ಗಾ ನಿಧಾನ ಹೇಳಿದಳು. "ಗುಡ್ಡ ಖರೇ. ಬಟ್ಟು ಖರೇ. ನಿಮ್ಮಪ್ಪ ಹೆಗಲು ಕೊಟ್ಟ ಹೆಣನೂ ಖರೇ. ಆ ಬಟ್ಟು ಎರ್ರಿಯಪ್ಪಂದು ಅಂತ ಯಾರು ಹೇಳಿದ್ರು? ಅರವತ್ತಮೂರರಿಂದ್ಲೂ ಅದು ಇವರದೇ. ಚಿತ್ರಾನೂ ಇವರವೇ."

ರಮಾ ಮುದುಕಿಯ ಕಡೆ ತಿರುಗಿದಳು.

"ಅಜ್ಜಿ, ಹೌದಾ?"

ಉಚ್ಚೆಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ. ಬಹಳ ದೂರದಿಂದ ಹೊರೆ ಹೊತ್ತು ಬಂದವಳು ಇಳಿಸಿದ ಮೇಲೆ ಕುತ್ತಿಗೆ ಅಲ್ಲಾಡಿಸಿದಂತೆ ಒಮ್ಮೆ ಅತ್ತಿತ್ತ ಆಡಿಸಿದಳು.

"ನನಗ ಹದಿನೇಳು. ಲಗ್ನ ಗೊತ್ತಾಗಿತ್ತು. ಒಂದು ಬಟ್ಟಿ ಮ್ಯಾಲೆ ಹೊಳಿ ಬರ್ದಿದ್ದೆ. ಅಣ್ಣ ಅದಕ್ಕ ಕಟ್ಟು ಹಾಕ್ಸಿ ಲಗ್ನಕ್ಕ ಉಡುಗೊರಿ ಕೊಡ್ತೀನಿ ಅಂತ ಹೊಸಪೇಟಿಗೆ ಒಯ್ದ. ನಿಮ್ಮಜ್ಜ ನೋಡಿ, ಯಾರಪ್ಪಾ ಬರ್ದಾರು ಇದನ್ನ ಅಂತ ಕೇಳಿದ್ನಂತ. ಅಂಗಡ್ಯಾಗ ನನ್ನ ಗಂಡನ ಕಡ್ಯಾರು ನಿಂತಿದ್ರು. ಪ್ಯಾಟ್ಯಾಗ ತಂಗಿ ಹೆಸರು ಎತ್ತಬಾರ್ದು ಅಂತ ಅಣ್ಣ 'ನಾನು' ಅಂದುಬಿಟ್ಟ. ಒಂದು ಮಾತು. ಅದನ್ನ ಹೊಳ್ಳಿ ತಗೊಳ್ಳಾಕ ಆಗಲೇ ಇಲ್ಲ."

"ಅಜ್ಜಗ ಗೊತ್ತಿತ್ತಾ?" ರಮಾ ಕೇಳಿದಳು. ಅವಳ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದು.

"ಗೊತ್ತಿದ್ರ ಚೀಟಿ ಬ್ಯಾರೇನೇ ಬರೀತಿದ್ದ. ಸುಳ್ಳು ಬರಿಯಾಂವಲ್ಲ ಅಂವ. ನೋಟ್‌ಬುಕ್ಕಿಗೆ ಬಟ್ಟು ಬೇಕಂತ ಬುಕ್ಕನ್ನೇ ಅಣ್ಣನ ಕೈಯಾಗ ಕೊಟ್ಟು ಕಳಸ್ತಿದ್ದ. ಅಣ್ಣ ಹರಿಗೋಲಿನ್ಯಾಗ ಕುಂತು ಒತ್ತತೀನಿ ಅಂತಿದ್ದ. ಒತ್ತಾಕಿ ನಾನು."

ರಮಾ ದೀರ್ಘವಾಗಿ ಉಸಿರು ಬಿಟ್ಟಳು. ನಾಲ್ಕು ದಿನದಿಂದ ಹಿಡಿದಿಟ್ಟ ಉಸಿರು. ಎದ್ದು ಹೋಗಿ ಮುದುಕಿಯ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜಿ, ಸೋಮವಾರ ನೀವು ಬರಬೇಕು. ಎಲ್ಲಾ ಚೀಟಿನೂ ಹರಿದು ಹೊಸದ ಬರೀತೀನಿ. ಉಚ್ಚೆಂಗಮ್ಮ ಅಂತ ಬರೀತೀನಿ. ಲಿಂಗರಾಜ್ ಅವರು ಆ ಮೂರರಾಗ ಕೈ ನಡುಗೇತಿ, ಹಂಗಾಗಿ ನಕಲಿ ಅಂತಾರ. ಅವರ ಮುಂದ ಕುಂತು ನೀವು ಬರೀರಿ."

"ನಡುಗದ ಏನು ಮಾಡೀತು? ಆಗ ನನಗ ಅರವತ್ತು ದಾಟಿತ್ತು." ಉಚ್ಚೆಂಗಮ್ಮ ಮೊದಲ ಸಲ ನಕ್ಕಳು. ಬೊಚ್ಚು ಬಾಯಿಯ ತುಂಬು ನಗು. "ಗಂಡ ಇಲ್ಲ, ಅಣ್ಣ ಇಲ್ಲ. ನನ್ನ ಹೆಸರು ಪ್ಯಾಟ್ಯಾಗ ಬಂದ್ರ ಈಗ ಯಾರಿಗೇನು? ಬರ್ತೀನಿ ನಡಿ."

ಅವಳೇ ಎದ್ದು ಒಳಕೋಣೆಯ ಚಿಲಕ ತೆಗೆದಳು.

ರಮಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗೋಡೆಗೆ ಆನಿಸಿ, ಹೊರಸಿನ ಕೆಳಗೆ, ಅಕ್ಕಿಯ ಡಬ್ಬಿಗಳ ಹಿಂದೆ, ಎಲ್ಲಿ ನೋಡಿದರೂ ಚಿತ್ರ. ಹೊಳೆ. ಹೊಳೆಯಲ್ಲಿ ಬಟ್ಟೆ ಒಗೆಯುವವರು. ನಾಟಿ ಹಚ್ಚುವ ಸಾಲು. ಕುರೆಕುಪ್ಪದ ಕಡೆಯಿಂದ ಕಾಣುವ ಕಾರ್ಖಾನೆಯ ಹೊಗೆ ಕೊಳವೆಗಳು. ಬಸ್ಸಿನ ಕಿಟಕಿಯಲ್ಲಿ ನಿದ್ದೆ ಹೋದ ಹುಡುಗಿ. ಅರವತ್ತೋ ಎಪ್ಪತ್ತೋ ಇದ್ದವು. ಯಾವುದನ್ನೂ ಯಾರೂ ನೋಡಿರಲಿಲ್ಲ.

"ಇಷ್ಟೂ ನಿಮ್ಮವಾ ಅಜ್ಜಿ?" ರಮಾ ಕೇಳಿದಳು.

ದುರ್ಗಾ ಮಾತ್ರ ಕಿಟಕಿಯ ಬಳಿ ಆನಿಸಿಟ್ಟಿದ್ದ ಒಂದು ಚಿತ್ರದ ಮುಂದೆ ನಿಂತಿದ್ದಳು. ಇನ್ನೂ ಮುಗಿದಿರಲಿಲ್ಲ. ಒಂದು ಮೂಲೆಯಲ್ಲಿ ಬಣ್ಣ ಹಸಿಯಾಗಿತ್ತು.

"ರಮಾ, ಇಲ್ಲಿ ಬಾ."

ಚಿತ್ರದಲ್ಲಿ ಇದೇ ಕೋಣೆ, ಇದೇ ಕಿಟಕಿ. ಕಿಟಕಿಯ ಕೆಳಗೆ ತೆಳ್ಳಗಿನ ಒಬ್ಬ ಮನುಷ್ಯ ಕಾಲು ಮಡಚಿ ಕೂತಿದ್ದ. ಮಡಿಲಲ್ಲಿ ಹಲಗೆ, ಕೈಯಲ್ಲಿ ಬ್ರಷ್, ನಾಲಿಗೆಯ ತುದಿ ತುಟಿಯಾಚೆ. ಮೂಗಿನ ಮೇಲೆ ಕಪ್ಪು ಕಟ್ಟಿನ ಕನ್ನಡಕ.

ಆ ಕನ್ನಡಕವನ್ನು ರಮಾ ಎರಡು ತಿಂಗಳ ಹಿಂದೆ ತಾನೇ ಕೊಡಿಸಿದ್ದಳು.

"ಇದು ನಮ್ಮಪ್ಪ."

"ಹ್ಞೂಂ, ಹಂಪೇಶ. ಪ್ರತಿ ಅಮಾಸಿಗೆ ಬರ್ತಾನಲ್ಲ. ಹೇಳಿಲ್ಲೇನು?" ಉಚ್ಚೆಂಗಮ್ಮ ತಲೆಯಾಡಿಸಿದಳು. "ಹೇಳಿರಾಕಿಲ್ಲ. ನಾನೇ ಆಣಿ ಹಾಕ್ಸಿದ್ದೆ. ಹತ್ತು ಹನ್ನೆರಡು ವರ್ಷ ಆತು. ಒಂದಿನ ನಾನು ಬರಿಯೋದು ಕಣ್ಣಿಗೆ ಬಿತ್ತು ಅಂವಗ. ಏನೂ ಕೇಳಲಿಲ್ಲ. ಒಂದು ಬ್ರಷ್ ಕೊಡ್ತೀರೇನಬೇ ಅಂದ. ಕೊಟ್ಟೆ. ಕೈ ಭಾಳ ಚಲೋ ಐತಿ. ನನಗ ಹರೇದಾಗ ಇದ್ದ ಕೈ."

ದುರ್ಗಾಳ ಮನಸ್ಸಿನಲ್ಲಿ ಏನೋ ಟಕ್ ಎಂದಿತು. ಅವಳು ಮೆಲ್ಲಗೆ ಕೇಳಿದಳು.

"ಅವ್ವಾರೆ, ಚಿತ್ರಶಾಲ್ಯಾಗ ಹನ್ನೊಂದು ಅದಾವು. ಹನ್ನೊಂದೂ ನಿಮ್ಮವೇನು?"

ಮುದುಕಿ ಬಾಗಿಲ ಕಡೆ ನೋಡಿದಳು. ಬಾಳೆತೋಟದ ಕಡೆ ನೋಡಿದಳು.

"ಹತ್ತು," ಎಂದಳು.

"ಅಜ್ಜಿ!"

"ಬೈಬ್ಯಾಡವ್ವಾ. ಅಂವನ ತಪ್ಪಿಲ್ಲ. ಇದೇ ತೋಟದಾಗ ಕುಂತು ಒಂದು ಬರ್ದ. ಬಾಳಿಗೊನಿ ಹೊತ್ತಾಕಿ. ಬರ್ದಾಂವ ಮೂಲ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಇಟ್ಟು ಹೋದ. ನನಗ ಹೊಟ್ಟಿ ಉರೀತು. ನನ್ನ ಬಟ್ಟು ಒತ್ತಿ, ಗೋಣಿಚೀಲದಾಗ ಸುತ್ತಿ, ಬಸ್ಸಿನ್ಯಾಗ ನಿಮ್ಮ ಅಂಗಡಿಗೆ ಕಳಿಸಿದೆ. ಒಂದು ಸಲ ಆದ್ರೂ ಗ್ವಾಡಿ ಮ್ಯಾಲೆ ಏರ್ಲಿ ಅಂತ."

ರಮಾಳಿಗೆ ಆ ದಿನ ನೆನಪಾಯಿತು. ನಾಲ್ಕು ವರ್ಷದ ಹಿಂದೆ. ಚೀಲ ಬಿಚ್ಚಿದವಳು ಅವಳೇ. ಎರ್ರಿಯಪ್ಪನದು ಇನ್ನೊಂದು ಸಿಕ್ಕಿತೆಂದು ಕುಣಿದು, ಖಾತ್ರಿ ಚೀಟಿ ಬರೆದು, ಮೊಳೆ ಹೊಡೆದು ತೂಗುಹಾಕಿದವಳೂ ಅವಳೇ. ಅಪ್ಪ ಅಂದು ಊಟ ಮಾಡದೆ ಬಹಳ ಹೊತ್ತು ಆ ಗೋಡೆಯೆದುರು ಕೂತಿದ್ದರು.

ಹಾಗಾದರೆ ಹನ್ನೊಂದರಲ್ಲಿ ಒಂದು ನಿಜವಾಗಿಯೂ ಸುಳ್ಳು. ಬರೆದದ್ದು ಮಾರುವ ಮನೆಯ ಮಗ. ಚೀಟಿ ತನ್ನ ಕೈಬರಹದ್ದು.

ಅವಳ ಫೋನ್ ಹೊಡೆದುಕೊಂಡಿತು. ಅಪ್ಪ.

ರಮಾ ದುರ್ಗಾಳ ಕಡೆ ನೋಡಿದಳು. ದುರ್ಗಾ ತಲೆಯಾಡಿಸಿದಳು. ರಮಾ ಸ್ಪೀಕರ್ ಒತ್ತಿದಳು.

"ರಮಾ, ಲಿಂಗರಾಜ್ ಬಂದಿದ್ದ." ಹಂಪೇಶರ ಉಸಿರು ಏರಿತ್ತು. "ಹನ್ನೊಂದೂ ಮತ್ತೊಮ್ಮಿ ಕೆಳಗ ಇಳಿಸಿ ನೋಡಿದ. ಈಗ ಮೂರಷ್ಟ ಅಲ್ಲ, ಬ್ಯಾರೆವುದರ ಮ್ಯಾಲೂ ಅನುಮಾನ ಅಂತಾನ. ಒಂದು ಮಾತ್ರ ನೂರಕ್ಕ ನೂರು ಎರ್ರಿಯಪ್ಪಂದು ಅಂತ ಸಹಿ ಹಾಕಿ ಕೊಟ್ಟಾನ. ಸೋಮವಾರ ಎಲ್ಲರ ಮುಂದ ಅದನ್ನ ನಡುವ ಇಟ್ಟು, ಉಳಿದ ಹತ್ತನ್ನೂ ಅದಕ್ಕ ಹೋಲಿಸಿ ನೋಡ್ತಾರಂತ. ಅದರಂಗ ಇಲ್ಲದ್ದೆಲ್ಲಾ ನಕಲಿ ಅಂತ ತೀರ್ಮಾನ."

"ಯಾವುದಪ್ಪಾ ಅದು?"

ಆ ಕಡೆ ಹಂಪೇಶ್ ಅತ್ತರೋ ನಕ್ಕರೋ, ಮೂವರಲ್ಲಿ ಯಾರಿಗೂ ತಿಳಿಯಲಿಲ್ಲ.

"ಬಾಳಿಗೊನಿ ಹೊತ್ತಾಕಿ."